ಸರಿಹೋದ ಬಾಗಿಲು

ಸ್ಕೂಟರಿನ ಬ್ರೇಕ್ ವೈರಿಗೆಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕಾಯುತ್ತಿದ್ದ ನರ್ಸಿನ ಮುಂದೆಯೇ ಒಬ್ಬ ವೆಲ್ಡರ್ ತನ್ನ ಗೆಳೆಯನ ಮೇಲೆ ರೇಗುತ್ತಿದ್ದ.

"ಭಾನುವಾರಗಳನ್ನೆಲ್ಲ ಸತ್ತ ನಿಮ್ಮಣ್ಣನ ಆ ಪುಟ್ಟ ಕಾರಿನ ಕೆಳಗೇ ಮಲಗಿ ಕಳೆದ್ವಿ. ತುಕ್ಕು ತಿಂದಿದ್ದ ಗಾಡಿ ಓಡ್ತು. ಈಗ ಅತ್ತಿಗೆ ಮಾರಿಬಿಡಿ ಅಂತಾರಾ?"

"ಇಂಜಿನ್ ಸದ್ದಿಗೆ ನಕ್ಕರು ಕಣೋ. ಹತ್ತಿ ಕೂತು ಬಾಗಿಲು ಎಳೆದ್ರು, ಟಪ್ ಅಂತ ಮುಚ್ಕೊಳ್ತು. ಇದು ನಮ್ಮ ಕಾರಲ್ಲ ಅಂದ್ಬಿಟ್ರು."

"ಮುಚ್ಚಲಿ ಅಂತಾನೇ ಹೊಸ ಲಾಕ್ ಹಾಕಿದ್ದು!"

"ಹಳೇದು ಒಳಗಿಂದ ಎತ್ತಿ ಎಳೆದ್ರೇ ಕೂರ್ತಿತ್ತು. ಪ್ರತಿ ಸಲ ಅಣ್ಣನೇ ಡ್ರೈವರ್ ಸೀಟಿಂದ ಅತ್ತಿಗೆ ಮುಂದೆ ಬಗ್ಗಿ, ಅವರ ಕಡೆ ಬಾಗಿಲಿಗೆ ಕೈ ಚಾಚಿ ಎಳೀತಿದ್ದ."

"ಕಳ್ಳ! ನಾನು ಸರಿಮಾಡ್ತೀನಿ ಅಂದಾಗೆಲ್ಲ ಬಿಡುವಿಲ್ಲ ಅಂತ ಜಾರ್ಕೋತಿದ್ದ."

ಅಂಗಡಿಯವನು ಗುಜರಿ ಡಬ್ಬದಿಂದ, ಹೊಸದು ಕೊಂಡಾಗ ಅವರು ಬಿಟ್ಟುಹೋಗಿದ್ದ ಹಳೇ ಲಾಕನ್ನು ಹುಡುಕಿ ತೆಗೆದು ಮುಂದಿಟ್ಟ.

"ಪೂರ್ತಿ ಸವೆದಿದೆ ಸ್ವಾಮಿ. ಬಾಗಿಲು ನೆಟ್ಟಗೆ ಕೂರಲ್ಲ."

"ಅದಕ್ಕೇ ಬೇಕು," ಎಂದ ತಮ್ಮ.

ವೆಲ್ಡರ್ ಅದನ್ನು ಅಂಗಿಯ ತುದಿಯಲ್ಲಿ ಒರೆಸುತ್ತ ಮೆಟ್ಟಿಲಿಳಿದ.

"ಸರಿ, ಇನ್ನು ಬಗ್ಗಿ ಎಳೆಯೋರ್ಯಾರು?"

"ಅಣ್ಣನ ಮಗಳು ಡ್ರೈವಿಂಗ್ ಕಲೀತಿದಾಳಲ್ಲ, ಅವಳೇ ಎಳೀಲಿ. ಅವಳ ತೋಳೂ ಅವರಪ್ಪನ ಹಾಗೇ ಉದ್ದ."