ರಾಜಹಂಸಗಳು ನನ್ನನ್ನು ಒಪ್ಪಿಕೊಂಡದ್ದು

ಸಭೆಯ ಅಧ್ಯಕ್ಷತೆ ವಹಿಸಿರುವ ಕರಿಬಸಪ್ಪನವರೇ, ಅಕ್ಕಿಆಲೂರಿನ ಈ ಶಾಲೆಯ ಗುರುಗಳೇ, ಗುರುಮಾತೆಯರೇ, ಮುಂದಿನ ಸಾಲಿನ್ಯಾಗ ಕುಂತು ಆಗಲೇ ಆಕಳಿಸಾಕತ್ತಿರೋ ಮಕ್ಕಳೇ ಮತ್ತು ಸಭಿಕರೇ,

ನಾನು ಗಿರಿಯಪ್ಪ, ತಿಳವಳ್ಳಿಯವ. ದೂರದ ಊರಿನ ಪ್ರಾಣಿಸಂಗ್ರಹಾಲಯದಾಗ ಮೂವತ್ತು ವರ್ಷ ದುಡಿದು ಹೋದ ತಿಂಗಳು ನಿವೃತ್ತನಾಗೇನಿ. ಹುಲಿ ನೋಡ್ಕೊಂಡವರಿಗೆ ಹಾರ ಹಾಕಿದ್ದು ಕಂಡೇನಿ. ರಾಜಹಂಸ ನೋಡ್ಕೊಂಡವನಿಗೆ ಹಾರ ಹಾಕಿದವರು ನೀವೇ ಮೊದಲು.

ಹಕ್ಕಿಗಳ ಬಗ್ಗೆ ಎರಡು ಮಾತು ಹೇಳ್ರಿ ಅಂದಾರ ಗುರುಗಳು. ಹೇಳ್ತೇನಿ. ಈ ರಾಜಹಂಸಕ್ಕ ಇಂಗ್ಲಿಷಿನ್ಯಾಗ ಫ್ಲೆಮಿಂಗೊ ಅಂತಾರ. ಗುಲಾಬಿ ಮೈ, ಕಡ್ಡಿಯಂಥಾ ಕಾಲು. ತಲಿ ಬೋರಲು ಮಾಡಿ ಉಣ್ತಾವ. ಆ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ತಿನ್ನೋ ಆಹಾರದಿಂದ ಬಂದದ್ದು.

ಇಪ್ಪತ್ತು ವರ್ಷದ ಹಿಂದ ನನ್ನನ್ನು ಜಿಂಕಿಗಳ ಕಡೆಯಿಂದ ಆ ಕೊಳಕ್ಕ ಹಾಕಿದ್ರು. ಹತ್ತೊಂಬತ್ತು ಹಕ್ಕಿ. ಬಕೆಟ್ ಹಿಡ್ಕೊಂಡು ಒಳಗ ಕಾಲಿಟ್ಟೆ. ಹತ್ತೊಂಬತ್ತೂ ಆಚೆ ದಂಡಿಗೆ ಓಡಿದ್ವು. ಮರುದಿನಾನೂ ಓಡಿದ್ವು. ಹದಿನೈದು ದಿನ ಹಂಗ ಓಡಿದ್ವು. ನಮ್ಮ ಪಶುವೈದ್ಯರು ದಿಲ್ಶಾದ ಮೇಡಂ ನೋಡಿ ನಕ್ರು. "ಗಿರಿಯಪ್ಪ, ನೀವು ನೀರಿನ್ಯಾಗ ನಡೀತೀರೋ, ಬಸ್ಸು ಹಿಡಿಯಾಕ ಓಡ್ತೀರೋ?"

ಅವತ್ತಿನಿಂದ ಭತ್ತದ ಗದ್ದ್ಯಾಗ ಸಸಿ ತುಳಿಯದಂಗ ನಡದೆ. ನಿಂತೆ, ಕಾಯ್ದೆ. ತಿಂಗಳಾದ ಮ್ಯಾಲೆ ಕಾಲಿನ್ಯಾಗ ಏಳನೇ ನಂಬರಿನ ಉಂಗುರ ಇದ್ದ ಮುದಿ ಹಕ್ಕಿಯೊಂದು ಬಂದು ನನ್ನ ಅಂಗಿ ತುದಿ ಎಳೀತು. ಅದು ಬಂದದ್ದೇ ತಡ, ಎಲ್ಲಾ ಬಂದ್ವು. ಆಮ್ಯಾಲೆ ಒಂದೊಂದರ ಗುಣ ತಿಳೀತು. ಮೂರನೇ ನಂಬರು ಜಗಳಗಂಟ. ಹದಿನಾಲ್ಕು, ಹದಿನೈದು ಬಿಟ್ಟಿರದ ಜೋಡಿ. ಅದರಾಗ ಗಂಡು ಹದಿನೈದು ಬಲು ಪುಕ್ಕಲ, ತನ್ನ ನೆರಳಿಗೂ ಅಂಜತಿತ್ತು. ಹತ್ತೊಂಬತ್ತು ಹಕ್ಕಿಯ ಸ್ವಭಾವ ನನಗ ಬಾಯಿಪಾಠ ಇತ್ತು. ಮನ್ಯಾಗ ಇದ್ದ ಒಬ್ಬಾಕಿದು ಮಾತ್ರ... ಇರಲಿ, ಅದು ಬ್ಯಾರೆ ಮಾತು.

ನಾನು ಬರೋ ಹೊತ್ತಿಗೇ ಎಂಟು ವರ್ಷದಿಂದ ಅವು ಒಂದು ತತ್ತೀನೂ ಇಟ್ಟಿರಲಿಲ್ಲ. "ಮರಿ ಇಲ್ಲದ ಗುಂಪು ಇಟ್ಕೊಂಡು ಏನ್ ಮಾಡೋದು? ಬ್ಯಾರೆ ಬ್ಯಾರೆ ಕಡೆ ಕಳಿಸಿಬಿಡೋಣು," ಅಂದ್ರು ಮೇಲಿನವರು. ಆ ಮಾತು ಕೇಳಿ ನನ್ನ ಮೈಯೆಲ್ಲಾ ಉರೀತು. ಯಾಕ ಉರೀತು? ಹೇಳೇಬಿಡ್ತೇನಿ. ಅದಕ್ಕೂ ಎರಡು ವರ್ಷ ಮೊದಲು ತಿಳವಳ್ಳಿ ಮನ್ಯಾಗ ನಮ್ಮ ಹಿರಿಯರು, ನನ್ನ ಹೆಂಡತಿ ರಂಜನಾಳ ಎದುರಿಗೇ, "ಒಂಬತ್ತು ವರ್ಷ ಆತು, ಮಕ್ಕಳಿಲ್ಲ. ಇನ್ನೊಂದು ಹೆಣ್ಣು ನೋಡೋಣು," ಅಂದಿದ್ರು. ನಾನು ಏನಂದೆ? ಏನೂ ಅನ್ನಲಿಲ್ಲ. ತಲಿ ಬಗ್ಗಿಸಿ ರೊಟ್ಟಿ ಮುರದೆ. ಮರುದಿನ ಆಕಿ ಹಿರೇಕೆರೂರಿನ ಬಸ್ ಹತ್ತಿ ತವರಿಗೆ ಹೋದ್ಲು.

ಇತ್ತ ದಿಲ್ಶಾದ ಮೇಡಂ ಒಂದು ವರ್ಷದ ಗಡುವು ಕೇಳಿ ತಗೊಂಡ್ರು. ಗುಂಪು ದೊಡ್ಡದೈತಿ ಅನಿಸಿದ್ರ ಮಾತ್ರ ಇವಕ್ಕ ಗೂಡು ಕಟ್ಟೋ ಧೈರ್ಯ ಬರ್ತೈತಂತ. ಅದಕ್ಕ ಕೊಳದ ಸುತ್ತ ಆಳೆತ್ತರದ ಕನ್ನಡಿ ನಿಲ್ಲಿಸಿದ್ವಿ. ನಾನು ಕೆಸರು ಕಲಸಿ, ಬುಟ್ಟಿ ಬೋರಲು ಹಾಕಿದಂಗ ಸಣ್ಣ ಸಣ್ಣ ದಿಬ್ಬ ಮಾಡಿಟ್ಟೆ. ಹಕ್ಕಿಗಳು ಕನ್ನಡಿಯೊಳಗಿನ ನೆಂಟರನ್ನ ನೋಡಿ ಕುಣದದ್ದೇ ಕುಣದದ್ದು! ಮೂರು ತಿಂಗಳಿಗೆ ಹದಿನಾಲ್ಕನೇ ನಂಬರು ಒಂದು ತತ್ತಿ ಇಟ್ಟಿತು. ಗಂಡ ಹೆಂಡತಿ ಪಾಳಿ ಮ್ಯಾಲೆ ಕಾವು ಕುಂತ್ವು.

ಒಂದು ಮಧ್ಯಾಹ್ನ ಮೂರನೇ ನಂಬರು ತತ್ತಿ ಕುಕ್ಕಾಕ ನುಗ್ಗಿತು. ಗೂಡಿನ್ಯಾಗ ಇದ್ದದ್ದು ಆ ಪುಕ್ಕಲ ಹದಿನೈದು. ಓಡ್ತೈತಿ ಅಂದ್ಕೊಂಡೆ. ಓಡಲಿಲ್ರಿ. ಎದ್ದು ನಿಂತು, ಕುತ್ತಿಗಿ ಚಾಚಿ, ಕೊಳ ಅದುರೋ ಹಂಗ ಒದರಿ ಅದನ್ನ ಅಟ್ಟಿತು. ಬಕೆಟ್ ಹಿಡ್ಕೊಂಡು ನಿಂತವನಿಗೆ ನಾಚಿಕಿ ಆತು. ಅಷ್ಟು ಸಣ್ಣ ತಲಿಯ ಹಕ್ಕಿಗೆ ಬಾಯಿ ಇತ್ತು. ನನಗ ಇರಲಿಲ್ಲೇನು?

ಮರಿ ಹೊರಗ ಬಂದ ದಿನಾನ ರಜಾ ಹಾಕಿ ಊರಿಗೆ ಹೋದೆ. "ಅವ್ವಾ, ಇನ್ನೊಂದು ಹೆಣ್ಣಿನ ಮಾತು ಈ ಮನ್ಯಾಗ ಇವತ್ತಿಗೆ ಮುಗೀತು. ಅವತ್ತೇ ಹೇಳಬೇಕಿತ್ತು, ತಪ್ಪು ನಂದು," ಅಂದೆ. ನಮ್ಮವ್ವ ಸುಶೀಲವ್ವ ಎದ್ದು ರೊಟ್ಟಿ ಬುಟ್ಟಿ ಇಳಿಸಿದ್ಲು. ಆಮ್ಯಾಲೆ, "ಬುತ್ತಿ ಕಟ್ಟಿಕೊಡ್ತೇನಿ. ಹೋಗು, ಕರಕೊಂಡು ಬಾ," ಅಂದ್ಲು.

ಹಿರೇಕೆರೂರಿನ್ಯಾಗ ರಂಜನಾ ಬಾಗಿಲಿಗೇ ನಿಂತು ಕೇಳಿದ್ಲು, "ಯಾಕ ಬಂದ್ರಿ?"

ದಾರಿಯುದ್ದಕ್ಕ ಜೋಡಿಸಿಕೊಂಡು ಬಂದ ಮಾತೆಲ್ಲಾ ಮರ್ತು, "ಮರಿ ಹುಟ್ಟೈತಿ," ಅಂದೆ.

ಆಕಿ ಮುಖ ಬಿಳುಪೇರಿತು. "ಯಾರಿಗೆ?"

"ರಾಜಹಂಸಕ್ಕ!"

ನೀವು ನಗಾಕತ್ತೀರಿ. ಆಕಿ ನಗಲಿಲ್ಲ. "ಮರಿ ನೋಡಾಕ ಬರ್ತೇನಿ. ನಿಮ್ಮ ಜೋಡಿ ಬಾಳುವೆ ಮಾಡಾಕ ಅಲ್ಲ," ಅಂದು ಚೀಲ ತಗೊಂಡ್ಲು. ಕೊಳಕ್ಕ ಬಂದು ಮರಿ ನೋಡಿ, "ಇದೇನ್ರಿ, ಬೂದಿಯೊಳಗ ಹೊರಳಿದ ಕೋಳಿ ಕಂಡಂಗ ಐತಿ," ಅಂದ್ಲು. ಗುಲಾಬಿ ಆಗಾಕ ಎರಡು ಮೂರು ವರ್ಷ ಬೇಕು ಅಂದೆ. "ಆಗಲಿ, ನೋಡೇ ಹೋಗೋಣು," ಅಂದ್ಲು. ಮರಿ ಗುಲಾಬಿ ಆತು, ಆಕಿ ಹೋಗಲಿಲ್ಲ.

ನಮಗ ಮಕ್ಕಳಾಗಲಿಲ್ಲ. ಅದರ ಬಗ್ಗೆ ಯಾರೂ ಮತ್ತ ಪಂಚಾಯ್ತಿ ಮಾಡಲಿಲ್ಲ. ಕೊಳದಾಗ ಈಗ ನಲವತ್ಮೂರು ಹಕ್ಕಿ ಅದಾವ.

ಅಲ್ಲಿ ಹೆಣ್ಮಕ್ಕಳ ಸಾಲಿನ್ಯಾಗ ಕುಂತಾಕಿ, ಸಾಕು ಇಳೀರಿ ಅಂತ ಕೈ ಮಾಡಾಕತ್ತಾಳ. ಒಂದೇ ನಿಮಿಷ. ತಪ್ಪು ನಂದು ಅಂತ ಅವ್ವನ ಮುಂದ ಹೇಳೇನಿ, ನಿಮ್ಮ ಮುಂದ ಹೇಳೇನಿ. ಇಪ್ಪತ್ತು ವರ್ಷದಾಗ ಆಕಿಗೇ ಹೇಳಿಲ್ಲ. ರಂಜನಾ, ನಂದು ತಪ್ಪಾತು.

ಇಷ್ಟು ಮಂದಿ ಎದುರಿಗೆ ಇದನ್ನ ಹೇಳಾಕ ಮೈಕು ಕೊಟ್ಟ ನಿಮ್ಮೆಲ್ಲರಿಗೂ ಧನ್ಯವಾದ. ನಮಸ್ಕಾರ.