ಸೇತುವೆಯ ಮೇಲೆ ಮಳೆ

ನರಗುಂದದ ಬಸ್ ನಿಲ್ದಾಣದಲ್ಲಿ ರೋಣದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕೊಣ್ಣೂರಿನ ಮುದುಕವ್ವ, ಅವಳ ಮೊಮ್ಮಗಳು ಉಮಾಶ್ರೀ ಕೂತಿದ್ದರು. ಹಳೆಯ ಜಪಾನಿ ಮರದಚ್ಚಿನ ಚಿತ್ರವೊಂದನ್ನು ನೋಡಿ ತಾನೇ ಬಣ್ಣದಲ್ಲಿ ಬರೆದ ಪ್ರತಿಯನ್ನು ಹುಡುಗಿ ಹುಬ್ಬಳ್ಳಿಯ ಹೋಟೆಲೊಂದರ ಗೋಡೆಗೆ ಹಾಕಲು ಒಯ್ಯುತ್ತಿದ್ದಳು. ಅಜ್ಜಿ ಕೇಳಿದಳೆಂದು ಬಿಚ್ಚಿ ತೋರಿಸಿದಳು: ಜಡಿಮಳೆ, ಮರದ ಸೇತುವೆ, ಬಾಗಿ ಓಡುವ ಜನ, ಅವರಲ್ಲಿ ಮಳೆಗೆ ತಲೆಯ ಮೇಲೆ ಚಾಪೆ ಹೊದ್ದವನೊಬ್ಬ.

“ಈ ಚಾಪಿ ಹೊತಗೊಂಡಾಂವ ಯಾರವಾ?”

“ಯಾರೋ ದಾರಿಹೋಕ, ಆಯಿ.”

“ನಿಮ್ಮಜ್ಜನೂ ಹಿಂಗ ಗೋಣಿಚೀಲ ಹೊತಗೊಂಡ ಹೋಗಿದ್ರು. ಹೊಳಿ ಆಚಿ ದಂಡಿಗೆ ಕಟ್ಟಿದ್ದ ಎಮ್ಮಿ ಬಿಚ್ಚಾಕ. ಅಷ್ಟರಾಗ ಹೊಳಿ ಏರಿ ಬಂತು. ತಿರುಗಿ ಬರಲಿಲ್ಲ.”

ಉಮಾಶ್ರೀ ಚಿತ್ರ ಸುತ್ತಲು ಹೋದಳು. ಅಜ್ಜಿ ತಡೆದಳು.

“ಇಂವ ದಾಟತಾನೇನು?”

“ಚಿತ್ರದಾಗ ಯಾವಾಗ್ಲೂ ನಡುವನ ಇರ್ತಾನ.”

“ನನಗೊಂದು ಬರಕೊಡು. ಅದರಾಗ ಇವನ್ನ ಈಚಿ ದಂಡಿಗೆ ತಂದು ನಿಲ್ಲಸು.”

“ಮೂಲದಾಗ ಹಂಗಿಲ್ಲ, ಆಯಿ. ನಾ ಇದ್ದದ್ದು ಇದ್ದಂಗ ಬರೀಬೇಕು.”

“ಜಪಾನದವ್ರು ನಮ್ಮನಿಗೆ ನೋಡಾಕ ಬರ್ತಾರೇನು?”

ಹುಡುಗಿ ಚಿತ್ರದ ಈಚೆ ದಂಡೆಯ ಮೇಲೆ ಬೆರಳಿಟ್ಟಳು.

“ಎಮ್ಮಿನೂ ಬರೀಲೇನು?”

“ಬರಿ. ಮುಂದ ಎಮ್ಮಿ, ಹಿಂದ ಅವ್ರು.”

ಹುಬ್ಬಳ್ಳಿಯ ಬಸ್ಸು ಬಂತು. ಉಮಾಶ್ರೀ ಅಜ್ಜಿಯ ಕೈ ಹಿಡಿದು ಹತ್ತಿಸಿದಳು.