ಸದ್ದು ಮಾಡದ ಮಗು

ಅಮೆರಿಕದ ಡೇಟನ್ ಊರಿನ ಮಕ್ಕಳ ಕ್ಲಿನಿಕ್ಕಿನಲ್ಲಿ, ಸರದಿಗಾಗಿ ಕಾಯುತ್ತಿದ್ದ ನನ್ನ ಎದುರಿಗೆ ಡಾರ್ಲೀನ್ ಎಂಬ ಅಜ್ಜಿಯೂ ಅವಳ ಮಗಳು ಕೆಂಡ್ರಾಳೂ ಕೂತಿದ್ದರು. ಕೆಂಡ್ರಾ ಗೋದಾಮಿನ ಕೆಲಸದ ಕಿತ್ತಳೆ ಬಣ್ಣದ ಜಾಕೆಟ್ಟನ್ನು ಇನ್ನೂ ಬಿಚ್ಚಿರಲಿಲ್ಲ. ನಡುವೆ ಅವಳ ನಾಲ್ಕು ವರ್ಷದ ಮಗಳು, ಗುಂಡುಗುಂಡಗಿನ ಮೇಸಿ, ಫೋನಿನಲ್ಲಿ ಮುಳುಗಿದ್ದಳು.

"ಎಷ್ಟು ಹೊತ್ತು ಫೋನ್ ನೋಡ್ತಾಳೆ ಅಂತ ಡಾಕ್ಟರು ಕೇಳಿದ್ರೆ ಒಂದೇ ಗಂಟೆ ಅನ್ನಮ್ಮ," ಎಂದಳು ಕೆಂಡ್ರಾ.

"ಹೋದ ಸಲಾನೂ ಅದೇ ಸುಳ್ಳು ಹೇಳಿದ್ವಿ. ತೂಕದ ಯಂತ್ರ ಸುಳ್ಳು ಹೇಳತ್ತಾ?"

"ದಿನಪೂರ್ತಿ ಫೋನ್ ಕೊಡೋಳು ನೀನೇ ತಾನೆ?"

"ಇನ್ನೇನು ಮಾಡ್ಲಿ? ರಾತ್ರಿಯೆಲ್ಲ ದುಡಿದು ಬಂದು ನೀನು ಹಗಲು ಮಲಗ್ತೀಯ. ಇರೋದೊಂದು ಕೋಣೆ. ಇವಳು ಒಂದು ಹೆಜ್ಜೆ ಕುಣಿದ್ರೆ ಸಾಕು, ಕೆಳಗಿನ ಮನೆಯವನು ಪೊರಕೆ ಕೋಲಿಂದ ಸೀಲಿಂಗ್ ಕುಟ್ತಾನೆ."

"ಪಾರ್ಕಿಗೆ ಕರ್ಕೊಂಡು ಹೋಗು."

"ಈ ಮಂಡಿ ಇಟ್ಕೊಂಡು ಮೂರು ಮಹಡಿ ಇಳಿದಾ?"

"ರಾತ್ರಿನಾದ್ರೂ ಬೇಗ ಮಲಗಿಸ್ಬಾರ್ದಾ?"

"ಹಗಲೆಲ್ಲ ಗೊಂಬೆ ಥರ ಕೂತವಳಿಗೆ ನಿದ್ದೆ ಎಲ್ಲಿಂದ ಬರತ್ತೆ? ಅಮ್ಮ ಬರ್ಲಿ ಅಂತ ಚಿಪ್ಸ್ ತಿಂತಾ ಕೂತಿರ್ತಾಳೆ. ಹಗಲು ಪಾಳಿ ಕೇಳೇ."

"ಕೇಳ್ದೆ. ನನಗಿಂತ ಮುಂಚೆ ಕೇಳಿದೋರೇ ಇನ್ನೂ ಕಾಯ್ತಿದ್ದಾರೆ."

ನರ್ಸ್ ಮೇಸಿಯ ಹೆಸರು ಕೂಗಿದಳು. ಕೆಂಡ್ರಾ ಫೋನು ತೆಗೆದುಕೊಂಡಳು. ಮಗು ಅಳಲಿಲ್ಲ. ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಹೊರಟಿತು.

"ಇಲ್ಲಿ ದಬದಬ ಅಂತ ನಡೀಬಹುದು ಕಣೆ, ಚಿನ್ನ," ಎಂದಳು ಡಾರ್ಲೀನ್.

ಮೇಸಿ ಬಾಗಿಲಲ್ಲಿ ನಿಂತು, ನೆಲ ನೋಡಿ, ಪಿಸುಗುಟ್ಟಿದಳು:

"ಇಲ್ಲಿ ಕೆಳಗೆ ಯಾರಿದ್ದಾರೆ, ಅಜ್ಜಿ?"